ವಾರಕ್ಕೆ ಮೂವತ್ತು ಗಂಟೆ

ಮಗಳಿಗೆ ಕಾಲೇಜಿನೊಳಗೇ ಕೆಲಸ ಸಿಕ್ಕಿದ ದಿನ ಆ ಮನೆಯಲ್ಲಿ ನಕ್ಕವಳು ಅಜ್ಜಿಯೊಬ್ಬಳೇ.

"ಲೈಬ್ರರಿ ಕೇಳಿದ್ದೆ," ಎಂದು ಮಗಳು ಬ್ಯಾಗನ್ನು ಕುರ್ಚಿಯ ಮೇಲೆ ಎಸೆದಳು. "ಅದಿಲ್ಲ ಅಂದ್ರು. ಕಂಪ್ಯೂಟರ್ ಲ್ಯಾಬ್ ಕೇಳಿದೆ, ಅದೂ ತುಂಬಿಹೋಯ್ತಂತೆ. ಕೊನೆಗೆ ಕೊಟ್ಟಿದ್ದೇನು ಗೊತ್ತಾ? ಕ್ಯಾಂಟೀನು. ಅದ್ರಲ್ಲೂ ಪಾತ್ರೆ ತೊಳೆಯೋ ಕೋಣೆ!"

ಅಡುಗೆಕಟ್ಟೆಯ ಮುಂದೆ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದ ತಾಯಿಯ ಕೈ ಒಂದು ಗಳಿಗೆ ನಿಂತು ಮತ್ತೆ ಓಡಿತು. ಆ ಪಾತ್ರೆಕೋಣೆಯಲ್ಲಿ ಅವಳು ದುಡಿಯುತ್ತಿದ್ದುದು ಮಗಳು ನಡೆಯಲು ಕಲಿಯುವುದಕ್ಕೂ ಮುಂಚಿನಿಂದ. ಬಿಸಿನೀರಿನಲ್ಲಿ ಪಾತ್ರೆ ತೊಳೆಯುವ ಮೆಷಿನ್ನಿನ ಬಾಗಿಲನ್ನು ತೆಗೆದು ಮುಚ್ಚುತ್ತ, ಹಬೆಯೊಳಗೆ ಕಂಡು ಮರೆಯಾಗುತ್ತ ಇದ್ದುದರಿಂದ ಅಲ್ಲಿ ಎಲ್ಲರ ಬಾಯಲ್ಲೂ ಅವಳು ಹಬೆಯಕ್ಕ. ಮನೆಗೆ ಬಂದು ಎಷ್ಟು ಹೊತ್ತಾದರೂ ಅವಳ ಬೆರಳ ತುದಿಗಳು ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿಯೇ ಇರುತ್ತಿದ್ದವು.

"ಏನೀಗ? ನನ್ನ ಜೊತೆ ಕೆಲಸ ಮಾಡಿದ್ರೆ ನಿನ್ನ ಕಿರೀಟ ಬಿದ್ದುಹೋಗುತ್ತಾ?" ಎಂದಳು ಹಬೆಯಕ್ಕ.

"ಹಾಗಲ್ಲಮ್ಮ. ನನ್ನ ಕ್ಲಾಸಿನೋರೆಲ್ಲ ಅಲ್ಲೇ ಊಟಕ್ಕೆ ಬರ್ತಾರೆ. ಅವರ ಎಂಜಲು ತಟ್ಟೆ ನಾನು..."

"ಇಷ್ಟು ವರ್ಷ ನಾನು ತೊಳೆದಿದ್ದು ದೇವತೆಗಳು ಉಂಡ ತಟ್ಟೆಯೇನೇ?"

ಮಂಚದ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅಜ್ಜಿ ಆಗ ನಕ್ಕದ್ದು. "ಅಮ್ಮನ ಕೈಕೆಳಗೆ ಕೆಲಸ ಅಂತ ತಾನೆ ನಿನ್ನ ಸಂಕಟ? ನೋಡೇ, ನಾನು ಅವಳ ಅತ್ತೆ. ಅವಳು ಈ ಮನೆಗೆ ಕಾಲಿಟ್ಟ ದಿನದಿಂದ ಅವಳ ಕೈಕೆಳಗೇ ಇದ್ದೀನಿ. ಸತ್ತಿದ್ದೀನಾ?"

ಬಸ್ಸು ಓಡಿಸಿ ಬಂದ ಹಬೆಯಕ್ಕನ ಗಂಡ ಬಾಗಿಲಲ್ಲೇ ಮೊಣಕಾಲು ನೀವಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಶೂ ಬಿಚ್ಚುತ್ತ, "ಮರಿ, ನಿಂಗೆ ಲೆಕ್ಕ ಗೊತ್ತಲ್ಲ. ಬೇಡ ಅಂದ್ರೆ ಯಾರಿಗೆ ನಷ್ಟ ಅಂತ ನೀನೇ ನೋಡ್ಕೋ," ಎಂದ. ಅವನು ಮಾತನ್ನು ಉದ್ದ ಮಾಡುವವನಲ್ಲ. ಇಡೀ ದಿನ ಜನರ ಗದ್ದಲ ಕೇಳಿ ಕಿವಿ ಸೋತಿರುತ್ತಿತ್ತು.

ಲೆಕ್ಕ ಮಗಳಿಗೆ ಗೊತ್ತಿತ್ತು. ಅವಳ ಫೀಸು ಮೂರು ಕಾಲಿನ ಸ್ಟೂಲಿನ ಹಾಗೆ ನಿಂತಿತ್ತು. ಅರ್ಧಕ್ಕರ್ಧ ಮಾಫಿ, ತಾಯಿ ಆ ಕಾಲೇಜಿನ ಕಾಯಂ ನೌಕರಳೆಂಬ ಕಾರಣಕ್ಕೆ. ಇನ್ನೊಂದು ಪಾಲು, ಅಂಕಗಳ ಮೇಲೆ ಬರುವ ವಿದ್ಯಾರ್ಥಿವೇತನ. ಉಳಿದದ್ದಕ್ಕೆ ಕಾಲೇಜೇ ಒಂದು ದಾರಿ ಮಾಡಿತ್ತು: ವಾರಕ್ಕಿಷ್ಟು ಹೊತ್ತು ಕಾಲೇಜಿನಲ್ಲೇ ಕೆಲಸ ಮಾಡಿದರೆ ಆ ಕೂಲಿ ಫೀಸಿಗೆ ಜಮೆಯಾಗುತ್ತಿತ್ತು. ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಅದೃಷ್ಟವಂತರೂ ಇದ್ದರು, ಪಾತ್ರೆ ತಿಕ್ಕುವವರೂ ಇದ್ದರು. ಮೂರರಲ್ಲಿ ಯಾವ ಕಾಲು ಮುರಿದರೂ ಸ್ಟೂಲು ಮಗುಚುತ್ತಿತ್ತು.

ರಾತ್ರಿ ಊಟದ ಹೊತ್ತಿಗೆ ಮಗಳು, "ಕೋಣೆಯಲ್ಲಿ ನನ್ನನ್ನ ಮಗಳೇ ಅಂತ ಕರೀಬೇಡ," ಎಂದಳು.

"ಸರಿ ಮೇಡಂ," ಎಂದಳು ತಾಯಿ, ಅವಳ ತಟ್ಟೆಗೆ ಇನ್ನೊಂದು ಸೌಟು ಬೇಳೆ ಬಡಿಸುತ್ತ.

---

ಪಾತ್ರೆಕೋಣೆಗೆ ವಿದ್ಯಾರ್ಥಿಗಳು ಬರುವುದು ಹೊಸದೇನಲ್ಲ. ಪ್ರತಿ ವರ್ಷ ನಾಲ್ಕಾರು ಮಂದಿ ಬರುತ್ತಿದ್ದರು, ಹೋಗುತ್ತಿದ್ದರು. ಅವರ ವಿಷಯದಲ್ಲಿ ಕಾಯಂ ಹೆಂಗಸರಿಗೆ ಒಂದು ರೂಢಿಯಿತ್ತು: ಅವರನ್ನು ಚೆನ್ನಾಗಿ ನೋಡಿಕೊಳ್ಳುವುದು, ಚಹಾ ಕೊಡುವುದು, ಒಣ ಬಟ್ಟೆ ಕೊಟ್ಟು ಟ್ರೇ ಒರೆಸಲು ಕೂರಿಸುವುದು. ಮೆಷಿನ್ನಿನ ಹತ್ತಿರ ಮಾತ್ರ ಬಿಡುತ್ತಿರಲಿಲ್ಲ. ಈ ರೂಢಿಯನ್ನು ಯಾರು ಹಾಕಿದರೋ ಗೊತ್ತಿಲ್ಲ. ಅದನ್ನು ಕಾಪಾಡಿಕೊಂಡು ಬಂದವಳು ಮಾತ್ರ ಗಡಿಯಾರದಮ್ಮ. ಗೋಡೆಯ ಗಡಿಯಾರವನ್ನು ನೋಡದೆ ಒಂದು ಚಮಚವನ್ನೂ ತೊಳೆಯದ ಹಿರಿಯಳು. ಸಂಜೆ ಪಾಳಿಯಲ್ಲಿ ಅವಳೂ ಹಬೆಯಕ್ಕನೂ ಜೋಡಿ.

ಮಗಳು ಬಂದ ಮೊದಲ ವಾರ ಅವಳನ್ನೂ ಮಿಕ್ಕ ಮೂವರನ್ನೂ ಟ್ರೇಗೆ ಕೂರಿಸಿದರು. ಆದರೆ ಆ ವರ್ಷ ಕಾಲೇಜಿಗೆ ಸೇರಿದವರು ಜಾಸ್ತಿ. ಸಂಜೆಯ ಎಂಜಲು ತಟ್ಟೆಗಳು ಕಿಟಕಿಯವರೆಗೆ ಏರುತ್ತಿದ್ದವು. ವಿದ್ಯಾರ್ಥಿಗಳೂ ತೊಟ್ಟಿಗೆ ಕೈ ಹಾಕಬೇಕಾಯಿತು. ಹಾಕಿದರು ಹೇಗೆ? ಚಮಚ, ಬಟ್ಟಲು, ತಟ್ಟೆ ಎಲ್ಲ ಒಟ್ಟಿಗೆ ಸುರಿದು, ನೀರನ್ನು ತಮ್ಮ ಮೇಲೇ ಎರಚಿಕೊಂಡು. ಮಗಳು ಒದ್ದೆ ಸಾಕ್ಸಿನಲ್ಲೇ ಮನೆಗೆ ಬರುತ್ತಿದ್ದಳು. ಪುಸ್ತಕ ಬಿಚ್ಚಿ ಅದರ ಮೇಲೇ ನಿದ್ದೆ ಹೋಗುತ್ತಿದ್ದಳು. ವಾರದ ಪರೀಕ್ಷೆಯೊಂದರಲ್ಲಿ ಅಂಕ ಇಳಿಯಿತು.

"ಅಂಕ ಇಳಿದ್ರೆ ವಿದ್ಯಾರ್ಥಿವೇತನ ಹೋಯ್ತು," ಎಂದ ಗಂಡ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ಒಂದು ಕಾಲು ಗಟ್ಟಿ ಮಾಡೋಕೆ ಹೋಗಿ ಇನ್ನೊಂದು ಮುರ್ಕೊಂಡ ಹಾಗೆ."

"ಅಪ್ಪ, ದಯವಿಟ್ಟು ಬೆಳಗ್ಗೆ ಬೆಳಗ್ಗೆ ಬೇಡ."

"ನಾನು ಮಾತಾಡಲ್ಲಪ್ಪ. ಬ್ರೆಡ್ಡು ಮಾತಾಡ್ತು."

ಹಬೆಯಕ್ಕ ತನ್ನ ಬ್ರೆಡ್ಡನ್ನು ಮಗಳ ತಟ್ಟೆಗೆ ಹಾಕಿದಳು. ಅವಳಿಗೆ ಒಂದು ದೊಡ್ಡ ಕಾಯಿಲೆಯಿತ್ತು: ತಪ್ಪಾಗಿ ನಡೆಯುವ ಕೆಲಸವನ್ನು ನೋಡಿಕೊಂಡು ಸುಮ್ಮನಿರಲು ಆಗುತ್ತಿರಲಿಲ್ಲ. ಬೇರೆಯವರ ಮನೆಗೆ ಹೋದರೂ ಸೊಟ್ಟಗಿದ್ದ ಚಾಪೆಯನ್ನು ಸರಿಮಾಡಿಯೇ ಕೂರುವವಳು. ಆ ಸಂಜೆ ಅವಳು ಮಗಳನ್ನು ತೊಟ್ಟಿಯ ಬಳಿಯಿಂದ ಕರೆತಂದು ಮೆಷಿನ್ನಿನ ಮುಂದೆ ನಿಲ್ಲಿಸಿದಳು.

"ನೋಡು. ಮೊದಲು ಬೇರೆ ಮಾಡು, ಆಮೇಲೆ ನೆನೆಹಾಕು. ನೆನೆದ ಮೇಲೆ ಬೇರೆ ಮಾಡೋಕೆ ಹೋದ್ರೆ ಎರಡು ಸಲ ಕೈ ಸುಡುತ್ತೆ. ತಟ್ಟೆ ಎಲ್ಲ ಒಂದೇ ಕಡೆ ಮುಖ ಮಾಡ್ಲಿ, ನೀರು ಆ ಕಡೆಯಿಂದ ಬರೋದು. ಈ ಕಟ್ಟು ಒಳಗಿರುವಾಗ ಮುಂದಿನ ಕಟ್ಟು ರೆಡಿ ಇರ್ಬೇಕು. ಬಾಗಿಲು ಮುಚ್ಚಿ ನಿಂತ್ಕೊಂಡು ನೋಡ್ಬೇಡ, ಅದೇನು ಸಿನಿಮಾ ಅಲ್ಲ."

"ಮುಗೀತು ಅಂತ ಹೇಗೆ ಗೊತ್ತಾಗುತ್ತೆ?"

"ಸದ್ದು ಕೇಳು. ಬಡಿಯೋ ನೀರು ಸುರಿಯೋ ನೀರಾಗುತ್ತೆ. ಆಗ ಕೈ ಒರೆಸ್ಕೊ."

ಗಡಿಯಾರದಮ್ಮ ಮೂಲೆಯಲ್ಲಿ ಏಪ್ರನ್ ಬಿಚ್ಚುತ್ತ ಎಲ್ಲ ನೋಡಿದಳು. ಹುಡುಗರೆಲ್ಲ ಹೋದಮೇಲೆ ಹತ್ತಿರ ಬಂದಳು.

"ಕಲಿಸ್ಬೇಡ ಕಣೇ."

"ನನ್ನ ಮಗಳಕ್ಕ. ಬೇಗ ಮುಗಿಸಿದ್ರೆ ಒಂದಿಷ್ಟು ಓದ್ಕೋತಾಳೆ."

"ನಿನ್ನ ಮಗಳಾಗಿದ್ದಕ್ಕೇ ಹೇಳ್ತಿದ್ದೀನಿ. ಹುಡುಗ್ರು ದಡ್ಡರಾಗಿದ್ರೇ ನಮಗೆ ಕ್ಷೇಮ. ಅವರು ಬರ್ತಾರೆ, ಹೋಗ್ತಾರೆ. ನಾವು ಇಲ್ಲೇ ಇರೋರು."

"ಒಂದು ತಟ್ಟೆ ತೊಳೆಯೋಕೆ ಕಲಿಸಿದ್ರೆ ಆಕಾಶ ಬೀಳುತ್ತಾ ಅಕ್ಕಾ? ನೀನೊಬ್ಬಳು!"

ಗಡಿಯಾರದಮ್ಮ ಗೋಡೆಯ ಕಡೆ ನೋಡಿ, "ಬಸ್ಸಿನ ಹೊತ್ತಾಯ್ತು," ಎಂದು ಹೊರಟುಹೋದಳು.

---

ಮಗಳು ಬೇಗ ಕಲಿತಳು. ತಾಯಿಯ ಕೈಯೇ ಅವಳಿಗೂ ಬಂದಿತ್ತು. ಅಗಲವಾದ ಅಂಗೈ, ಅವಸರವಿಲ್ಲದ ವೇಗ. ಮನೆಗೆ ನಡೆದು ಬರುವಾಗ ಇಬ್ಬರೂ ಮಾತಾಡತೊಡಗಿದರು. ಎರಡು ವರ್ಷದಿಂದ ಮಗಳು ಮನೆಯಲ್ಲಿ ಹೂಂ, ಉಹೂಂ ಬಿಟ್ಟು ಬೇರೆ ಆಡಿದ್ದೇ ಕಡಿಮೆ. ಈಗ ದಾರಿಯುದ್ದಕ್ಕೂ ಮೇಷ್ಟರ ನಡಿಗೆಯನ್ನು ನಟಿಸಿ ತೋರಿಸುತ್ತಿದ್ದಳು. ಕಟ್ಟಡದ ಭಾರ ಕಂಬದಿಂದ ಕಂಬಕ್ಕೆ ಹೇಗೆ ಹಂಚಿಹೋಗುತ್ತದೆ ಎಂದು ಬೀದಿದೀಪದ ಕೆಳಗೆ ಕೈಯಲ್ಲೇ ಕಟ್ಟಿ ವಿವರಿಸುತ್ತಿದ್ದಳು. ಹಬೆಯಕ್ಕನಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಕಾಲು ನೋಯುತ್ತಿದ್ದರೂ ಬಸ್ಸು ಹತ್ತುವ ಮಾತನ್ನು ಅವಳು ಎತ್ತಲಿಲ್ಲ.

ಒಂದು ಸಂಜೆ ಕೋಣೆಯೊಳಗೇ ಮಗಳು, "ಅಮ್ಮಾ, ಆ ಜಾಲರಿ ತೆಗೆದುಕೊಡು," ಎಂದು ಎಲ್ಲರ ಮುಂದೆ ಕೂಗಿದಳು. ತಾಯಿ ಜಾಲರಿ ಕೊಟ್ಟಳು, ಏನೂ ಆಗದವಳ ಹಾಗೆ. ಮನೆಗೆ ಬಂದು ಅತ್ತೆಗೆ ಅದನ್ನು ಎರಡು ಸಲ ಹೇಳಿದಳು.

"ಅಮ್ಮಾ ಅಂದದ್ದಕ್ಕೆ ಇಷ್ಟು ಹಿಗ್ಗಾ? ನನ್ನ ಮಗ ಊಟ ಆಯ್ತಾ ಅಂತ ಕೇಳಿ ಎಷ್ಟು ಕಾಲ ಆಯ್ತು, ನಾನು ಯಾರಿಗೆ ಹೇಳ್ಲಿ?" ಎಂದಳು ಅಜ್ಜಿ.

"ಊಟ ಆಯ್ತಾಮ್ಮಾ?" ಎಂದ ಮಗ ಒಳಗಿನಿಂದ.

"ಆಯ್ತು ಬಿಡಪ್ಪ. ಕೇಳಿ ಕೊಡಿಸ್ಕೊಂಡ ಹಾಗಾಯ್ತು."

ಮಗಳು ತಾನು ಕಲಿತದ್ದನ್ನು ಮಿಕ್ಕ ಮೂವರಿಗೂ ಕಲಿಸಿದಳು. ಬೇಗ ಮುಗಿದರೆ ಎಲ್ಲರಿಗೂ ಓದಲು ಹೊತ್ತು ಸಿಗುತ್ತದಲ್ಲ. ಕನ್ನಡಕದ ಹುಡುಗಿಯೊಬ್ಬಳು ತಟ್ಟೆಗಳ ಕಟ್ಟಿಗೆ ತಾಳ ಹಾಕುತ್ತ ಕೆಲಸ ಮಾಡುತ್ತಿದ್ದಳು. ನಾಲ್ವರೂ ಸೇರಿ ಒಂದು ಸಂಜೆಯ ಪಾತ್ರೆಯನ್ನು ಕಿಟಕಿಯಿಂದ ಕಪಾಟಿನವರೆಗೆ ತಾವೇ ದಾಟಿಸಿದ ದಿನ, ಕ್ಯಾಂಟೀನಿನ ಮ್ಯಾನೇಜರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ಕೆಟ್ಟವನಲ್ಲ. ಯಾರಿಗಾದರೂ ಜ್ವರ ಬಂದರೆ ಮನೆಗೆ ಕಳಿಸುವವನು. ಖರ್ಚು ಇಳಿಸು ಎಂದು ಮೇಲಿನವರು ಒತ್ತಿದಾಗ ರಾತ್ರಿ ನಿದ್ದೆಗೆಡುವವನು.

"ನಿಮ್ಮ ಮಗಳು ಬಂಗಾರ ಕಣ್ರೀ," ಎಂದ ಅವನು. "ನಾಲ್ಕು ಹುಡುಗರು ಇಡೀ ಕೋಣೆ ನಡೆಸಿದ್ದು ನಾನು ಇದೇ ಮೊದಲು ನೋಡಿದ್ದು."

"ನಾನೇ ಕಲಿಸಿದ್ದು ಸಾರ್," ಎಂದುಬಿಟ್ಟಳು ಹಬೆಯಕ್ಕ.

ಆ ದಿನ ಮನೆಯಲ್ಲಿ ಬೇಳೆಯ ಜೊತೆಗೆ ಎಲ್ಲರಿಗೂ ಒಂದೊಂದು ಇಡೀ ಮೊಟ್ಟೆ.

---

ಮುಂದಿನ ತಿಂಗಳ ಪಾಳಿ ಗೋಡೆಗೆ ಅಂಟಿದಾಗ ಸಂಜೆಯ ಸಾಲಿನಲ್ಲಿ ಕಾಯಂ ಹೆಂಗಸರು ಯಾರೂ ಇರಲಿಲ್ಲ. ಎಲ್ಲ ವಿದ್ಯಾರ್ಥಿಗಳು.

"ಯಾರನ್ನೂ ತೆಗೆದಿಲ್ಲ," ಎಂದ ಮ್ಯಾನೇಜರ್, ನೆಲ ನೋಡುತ್ತ. "ಗಂಟೆ ಸ್ವಲ್ಪ ಕಮ್ಮಿ ಆಗಿದೆ ಅಷ್ಟೇ. ಹುಡುಗರ ಕೂಲಿ ಕಾಲೇಜಿನ ನೆರವಿನ ನಿಧಿಯಿಂದ ಬರುತ್ತೆ, ಕ್ಯಾಂಟೀನಿನ ಜೇಬಿನಿಂದ ಅಲ್ಲ. ನಾನಾದ್ರೂ ಏನು ಮಾಡ್ಲಿ ಹೇಳಿ?"

ಹಬೆಯಕ್ಕನ ವಾರದಲ್ಲಿ ಎರಡು ಸಂಜೆ ಹೋದವು. ಗಡಿಯಾರದಮ್ಮನದು ಹೆಚ್ಚುಕಡಿಮೆ ಎಲ್ಲವೂ ಸಂಜೆಯೇ. ಅವಳಿಗೆ ಉಳಿದದ್ದು ಬೆಳಗಿನ ತುಂಡು ಪಾಳಿ. ಮಿಕ್ಕ ಹೊತ್ತಿಗೆ ಅವಳು ಬಟ್ಟೆ ಒಗೆಯುವ ಅಂಗಡಿಯೊಂದರಲ್ಲಿ ಹಾಸಿಗೆ ಬಟ್ಟೆ ಮಡಚಲು ಸೇರಿಕೊಂಡಳು.

ಅಂದಿನಿಂದ ಗಡಿಯಾರದಮ್ಮ ಹಬೆಯಕ್ಕನೊಂದಿಗೆ ಮಾತು ಬಿಟ್ಟಳು. ಜಗಳ ಆಡಿದ್ದರೆ ತಡೆಯಬಹುದಿತ್ತು. ಅವಳು ಒಲೆಯ ಬಳಿಯ ಅಡುಗೆಯವನ ಮೂಲಕ ಮಾತಾಡುತ್ತಿದ್ದಳು.

"ಆ ಬಕೆಟ್ಟು ಈಚೆ ಇಡೋಕೆ ಹೇಳಪ್ಪ."

ಅಡುಗೆಯವ ಇಬ್ಬರ ನಡುವೆ ತಲೆ ತಿರುಗಿಸುತ್ತ, "ಅಕ್ಕಾ, ಬಕೆಟ್ಟು ಈಚೆ ಇಡ್ಬೇಕಂತೆ," ಎನ್ನುತ್ತಿದ್ದ.

"ಇಟ್ಟೆ ಅಂತ ಹೇಳು."

"ಇಟ್ಳಂತೆ."

"ಕಣ್ಣು ನಂಗೂ ಇದೆ ಅಂತ ಹೇಳು."

"ಅಯ್ಯೋ, ನಂಗೆ ಇಲ್ಲಿ ಹಾಲು ಉಕ್ತಿದೆ ತಾಯಂದಿರಾ!" ಎಂದು ಅವನು ಕೊನೆಗೆ ಬೆನ್ನು ತಿರುಗಿಸುತ್ತಿದ್ದ.

ಸಂಜೆ ಬೇಗ ಮನೆಗೆ ಬರುವ ಹೆಂಡತಿಯನ್ನು ಕಂಡು ಗಂಡ ಮೊದಲೆರಡು ದಿನ ಖುಷಿಪಟ್ಟ. ಆಮೇಲೆ ಸಂಬಳ ಬಂತು. ಮೊಟ್ಟೆ ಮತ್ತೆ ಅರ್ಧವಾಯಿತು. ಮಗಳು ಪಾತ್ರೆಕೋಣೆಯಲ್ಲಿ ಈಗ ತಾಯಿಯಿಲ್ಲದೆ ದುಡಿದು ಒಬ್ಬಳೇ ನಡೆದು ಬರುತ್ತಿದ್ದಳು. "ನಾನು ಬಿಟ್ಟುಬಿಡ್ಲಾಮ್ಮ?" ಎಂದು ಒಂದು ದಿನ ಕೇಳಿದಳು.

"ನೀನು ಬಿಟ್ರೆ ಆ ಜಾಗಕ್ಕೆ ಇನ್ನೊಂದು ಹುಡುಗಿ ಬರ್ತಾಳೆ. ನನ್ನ ಸಂಜೆ ವಾಪಸ್ ಬರುತ್ತಾ? ಫೀಸಿನ ಆ ಪಾಲೂ ಹೋಗುತ್ತೆ. ಸುಮ್ನೆ ಉಣ್ಣು."

"ಉಳಿದೋರ ಹತ್ರ ಮಾತಾಡಿದೆ. ಕನ್ನಡಕದೋಳು ಅತ್ತುಬಿಟ್ಲು. ನಮಗೂ ಫೀಸು ಕಟ್ಬೇಕಲ್ವಾ ಕಣೇ ಅಂದ್ಲು. ಅವಳಪ್ಪನಿಗೆ ಕೆಲಸಾನೇ ಇಲ್ಲ."

ತಾಯಿ ತನ್ನ ತಟ್ಟೆ ಎತ್ತಿಕೊಂಡು ಎದ್ದಳು. ಆ ಹುಡುಗಿಗೆ ತಟ್ಟೆಯ ಮುಖ ಯಾವ ಕಡೆ ಎಂದು ತೋರಿಸಿದವಳು ತನ್ನ ಮಗಳು. ಮಗಳಿಗೆ ತೋರಿಸಿದವಳು ತಾನು. ಬೈಯಲು ಬೇರೆ ಯಾರೂ ಸಿಗಲಿಲ್ಲ.

---

ದೊಡ್ಡ ಪೆಟ್ಟು ಬಂದದ್ದು ಮುಂದಿನ ಅವಧಿಯ ಫೀಸಿನ ಚೀಟಿ ಬಂದಾಗ. ಕಾಯಂ ನೌಕರರ ಮಕ್ಕಳ ಮಾಫಿ ಅದರಲ್ಲಿ ಇರಲೇ ಇಲ್ಲ. ಎಲ್ಲೋ ಕೈತಪ್ಪು ಎಂದುಕೊಂಡು ತಾಯಿ ಮಗಳಿಬ್ಬರೂ ನೆರವಿನ ಕಚೇರಿಯ ಕೌಂಟರಿನ ಮುಂದೆ ಸಾಲು ನಿಂತರು. ಗಾಜಿನಾಚೆ ಶೀತವಾಗಿ ಮೂಗು ಒರೆಸಿಕೊಳ್ಳುತ್ತಿದ್ದ ಗುಮಾಸ್ತೆ ಇದ್ದಳು.

"ತಪ್ಪಾಗಿಲ್ಲಮ್ಮ," ಎಂದಳು ಗುಮಾಸ್ತೆ, ಪರದೆ ನೋಡಿ. "ವಾರಕ್ಕೆ ಮೂವತ್ತು ಗಂಟೆ ಇದ್ರೆ ಮಾತ್ರ ಕಾಯಂ ಲೆಕ್ಕ. ಈಗ ನಿಮ್ಮದು ಇಪ್ಪತ್ನಾಲ್ಕು ಬರ್ತಿದೆ. ಅಂದ್ರೆ ಅರೆಕಾಲಿಕ. ಅರೆಕಾಲಿಕದೋರ ಮಕ್ಕಳಿಗೆ ಮಾಫಿ ಇಲ್ಲ."

"ಇಷ್ಟು ವರ್ಷ ಯಾರೂ ನಮಗೆ ಹೇಳಿರ್ಲಿಲ್ಲ."

"ಇಷ್ಟು ವರ್ಷ ನಿಮ್ಮದು ಮೂವತ್ತಕ್ಕಿಂತ ಇಳಿದಿರ್ಲಿಲ್ವಲ್ಲ."

ಮಗಳು ಗಾಜಿಗೆ ಮುಖ ಹತ್ತಿರ ತಂದಳು. "ಮೇಡಂ, ಸಂಬಳ ಇಳಿದಿದೆ ಅಂದ್ರೆ ನಮ್ಮ ಮನೆ ಆದಾಯಾನೂ ಇಳಿದಿದೆ. ಬಡ ಕುಟುಂಬದ ನೆರವು ಅಂತ ಇದೆಯಲ್ಲ, ಅದಕ್ಕೆ ಹಾಕ್ಬಹುದಾ?"

"ಹಾಕ್ಬಹುದು. ಆದ್ರೆ ಅದು ಹೋದ ವರ್ಷದ ಆದಾಯ ನೋಡುತ್ತೆ. ಹೋದ ವರ್ಷ ನಿಮ್ಮಮ್ಮ ಪೂರ್ತಿ ದುಡಿದಿದ್ದಾರೆ."

"ಹಾಗಾದ್ರೆ ಈ ವರ್ಷದ ಬಡತನ?"

"ಮುಂದಿನ ವರ್ಷ ಲೆಕ್ಕಕ್ಕೆ ಬರುತ್ತೆ." ಗುಮಾಸ್ತೆ ತನಗೇ ಬೇಸರವಾದಂತೆ ಮೂಗು ಒರೆಸಿಕೊಂಡಳು. "ನೋಡಿ, ವಿಶೇಷ ಪ್ರಕರಣ ಅಂತ ಒಂದಿದೆ. ಇವರ ಇಚ್ಛೆಯಿಲ್ಲದೆ ಗಂಟೆ ಕಡಿಮೆ ಮಾಡಿದ್ದೀವಿ ಅಂತ ಮ್ಯಾನೇಜರ್ ಬರೆದುಕೊಟ್ರೆ ಪರಿಶೀಲಿಸ್ತಾರೆ. ಇಲ್ಲಾಂದ್ರೆ ಅವಧಿ ಶುರುವಾಗೋದ್ರೊಳಗೆ ಮೂವತ್ತು ಗಂಟೆ ಮಾಡ್ಕೊಳ್ಳಿ."

ಸಾಲಿನಲ್ಲಿ ಹಿಂದಿದ್ದವರು ನಿಟ್ಟುಸಿರು ಬಿಡುತ್ತಿದ್ದರು. ಇಬ್ಬರೂ ಪಕ್ಕಕ್ಕೆ ಸರಿದರು.

ಮ್ಯಾನೇಜರ್ ಬರೆದುಕೊಡಲಿಲ್ಲ. ಬಾಗಿಲು ಮುಚ್ಚಿ ಹಬೆಯಕ್ಕನನ್ನು ಕೂರಿಸಿ, ತಾನೇ ನೀರು ಕೊಟ್ಟ. "ಆ ಮಾತನ್ನ ಕಾಗದದ ಮೇಲೆ ಹಾಕಿದ್ರೆ ಹುಡುಗರನ್ನ ಇಟ್ಕೊಂಡು ಕಾಯಂನೋರನ್ನ ಕತ್ತರಿಸಿದೆ ಅಂತ ಆಗುತ್ತೆ. ನನ್ನ ಕುತ್ತಿಗೆಗೇ ಬರುತ್ತೆ. ಕಾಗದ ಯಾಕೆ, ಗಂಟೇನೇ ಕೊಡ್ತೀನಿ. ಹಾಸ್ಟೆಲ್ ಮೆಸ್ಸೂ ನನ್ನ ಕೈಕೆಳಗೇ ಇದೆ, ಅಲ್ಲಿನ ಪಾತ್ರೆಕೋಣೆಗೂ ವಿದ್ಯಾರ್ಥಿಗಳು ಬರ್ತಾರೆ. ವಾರಕ್ಕೆ ಎರಡು ಸಂಜೆ ಅಲ್ಲಿಗೆ ಹೋಗಿ ಅವರಿಗೆ ಕಲಿಸಿ. ಕಲಿಸೋದು ಮುಗಿಯೋವರೆಗೆ ನಿಮ್ಮದು ಮೂವತ್ತು ಗಂಟೆ. ಮುಗಿದ ಮೇಲೆ ಇನ್ನೊಂದು ಮೆಸ್ ಇದೆ, ನೋಡೋಣ."

"ಅಲ್ಲಿ ಈಗ ಇರೋ ಹೆಂಗಸರು ಸಾರ್?"

"ಯಾರನ್ನೂ ತೆಗೆಯಲ್ಲ," ಎಂದ ಮ್ಯಾನೇಜರ್. ನೆಲ ನೋಡುತ್ತ.

---

ಆ ವಾರ ಮನೆಯಲ್ಲಿ ಊಟಕ್ಕೆ ಕೂತರೆ ಜಗಳ, ಎದ್ದರೆ ಜಗಳ.

"ಇದರಲ್ಲಿ ಯೋಚನೆ ಮಾಡೋದೇನಿದೆ?" ಎಂದ ಗಂಡ. "ಆ ಹಾಸ್ಟೆಲ್ ಹೆಂಗಸರೇನು ನಿನ್ನ ಒಡಹುಟ್ಟಿದೋರಾ? ಮುಖಾನೂ ನೋಡಿಲ್ಲ."

"ಗಡಿಯಾರದಮ್ಮನ ಮುಖ ನೋಡಿದ್ದೀನಲ್ಲ ರೀ. ದಿನಾ ನೋಡ್ತಿದ್ದೀನಿ."

"ನಾನು ಓಡಿಸೋ ದಾರೀಲಿ ಇನ್ನೊಬ್ಬ ಡ್ರೈವರ್ ಇದ್ದ. ಅವನ ಟ್ರಿಪ್ಪುಗಳನ್ನ ನನಗೆ ಕೊಟ್ರು. ತಗೊಂಡೆ. ನಾನು ತಗೊಳ್ದೆ ಇದ್ರೆ ಅವನಿಗೆ ವಾಪಸ್ ಕೊಡ್ತಿದ್ರಾ?"

"ಅವನು ಈಗ ನಿಮಗೆ ನಮಸ್ಕಾರ ಹೇಳ್ತಾನಾ?"

ಗಂಡ ಲೋಟ ಎತ್ತಿ ನೀರು ಕುಡಿದ.

"ನೀನು ಹೋಗ್ಬೇಡಮ್ಮ," ಎಂದಳು ಮಗಳು. "ನಾನು ಒಂದು ವರ್ಷ ಬಿಟ್ಟು ಓದ್ತೀನಿ. ಎಲ್ಲಾದ್ರೂ ಪೂರ್ತಿ ಕೆಲಸ ಹಿಡೀತೀನಿ. ಮುಂದಿನ ವರ್ಷ ನಮ್ಮ ಬಡತನ ಲೆಕ್ಕಕ್ಕೆ ಬರುತ್ತಲ್ಲ, ಆಗ ಸೇರ್ಕೋತೀನಿ."

"ಒಂದು ವರ್ಷ ಬಿಟ್ಟೋರು ವಾಪಸ್ ಹೋಗಿದ್ದನ್ನ ನಾನು ಕಂಡಿಲ್ಲ." ಹಬೆಯಕ್ಕನ ದನಿ ಏರಿತು. "ಈ ಬೀದೀಲಿ ಕಂಡಿದ್ದೀಯಾ ನೀನು? ಒಬ್ಬರನ್ನ ಹೇಳು. ಒಂದು ಸಲ ಸಂಬಳ ಕೈಗೆ ಹತ್ತಿದ್ರೆ ಮನೆಗೆ ಅದೇ ಅಭ್ಯಾಸ ಆಗುತ್ತೆ. ನಿನ್ನಪ್ಪನ ಮೊಣಕಾಲು, ನಿನ್ನಜ್ಜಿ ಮಾತ್ರೆ. ಪ್ರತಿ ವರ್ಷ ಏನಾದ್ರೊಂದು ಇದ್ದೇ ಇರುತ್ತೆ!"

"ಹಾಗಂತ ನನ್ನ ಹೆಸರಲ್ಲಿ ಇನ್ನೊಬ್ಬರ ಅನ್ನ ಕಿತ್ಕೋಬೇಡ."

"ನಿನ್ನ ಹೆಸರಲ್ಲದೆ ಇನ್ಯಾರ ಹೆಸರಲ್ಲಿ ಮಾಡ್ಲಿ ನಾನು? ಹೇಳು! ನನಗೆ ಬೇರೆ ಯಾವ ಹೆಸರಿದೆ?"

ಮಗಳು ತಟ್ಟೆ ಬಿಟ್ಟು ಎದ್ದಳು. ಅಜ್ಜಿ ಅವಳ ಕೈ ಹಿಡಿದು ಕೂರಿಸಿದಳು. "ಕೂತ್ಕೊಳ್ಳೇ. ಊಟದ ಮೇಲೆ ಕೋಪ ಮಾಡ್ಕೊಂಡ್ರೆ ನಾಳೆ ಅದೇ ತಂಗಳು ಉಣ್ಣೋಳು ನಾನು." ಆಮೇಲೆ ಸೊಸೆಯ ಕಡೆ ತಿರುಗಿದಳು. "ನೀನು ಹೋಗು. ಹೋಗಿ ನೋಡಿ ಬಾ. ನೋಡದೆ ಇಲ್ಲೇ ಕೂತು ಜಗಳ ಆಡಿದ್ರೆ ಯಾರ ಗಂಟೇನೂ ಹೆಚ್ಚಲ್ಲ."

ಅದೊಂದೇ ಮಾತು ಯಾರ ಕಡೆಗೂ ವಾಲಿರಲಿಲ್ಲ. ಹಬೆಯಕ್ಕ ಹೊರಟಳು.

---

ಹಾಸ್ಟೆಲ್ಲಿನ ಪಾತ್ರೆಕೋಣೆ ಚಿಕ್ಕದು. ಒಂದೇ ಕಿಟಕಿ, ಹಳೆಯ ಮೆಷಿನ್ನು, ಬಾಗಿಲಿನ ಹಿಡಿಗೆ ಸುತ್ತಿದ ಬಟ್ಟೆ. ಒಳಗೆ ಇಬ್ಬರು ಹೆಂಗಸರಿದ್ದರು. ಒಬ್ಬಳು ಕಿವಿ ಕೇಳಿಸದವಳು. ತಲೆಯಾಡಿಸಿ ತನ್ನ ಪಾಡಿಗೆ ಚಮಚ ತಿಕ್ಕುತ್ತಿದ್ದಳು. ಇನ್ನೊಬ್ಬಳು ಹಬೆಯಕ್ಕನಿಗಿಂತ ಸ್ವಲ್ಪ ಕಿರಿಯಳು. ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ಸ್ಟೂಲು ಎಳೆದಳು.

"ನೀವೇನಾ ಕಲಿಸೋಕೆ ಬಂದಿರೋದು? ಕೂತ್ಕೊಳಿ ಅಕ್ಕ. ಹುಡುಗ್ರು ಇನ್ನೂ ಬಂದಿಲ್ಲ. ಚಹಾ ಕುಡೀತೀರಾ?"

ಬೈಗುಳ ಕೇಳಲು ತಯಾರಾಗಿ ಬಂದಿದ್ದ ಹಬೆಯಕ್ಕನಿಗೆ ಚಹಾದ ಲೋಟ ಹಿಡಿಯುವುದೇ ಕಷ್ಟವಾಯಿತು.

"ನಿಮ್ಮ ಮಗಳು ಇಲ್ಲೇ ಓದ್ತಾಳಂತಲ್ಲ," ಎಂದಳು ಆ ಹೆಂಗಸು. "ಏನು ಓದು?"

"ಕಟ್ಟಡದ್ದು."

"ನಮ್ಮೋನೂ ಮುಂದಿನ ವರ್ಷ ಸೇರ್ತಾನೆ ಅಕ್ಕಾ. ಅಂಕ ಅಷ್ಟಕ್ಕಷ್ಟೇ, ವಿದ್ಯಾರ್ಥಿವೇತನ ಗಿತನ ಸಿಗಲ್ಲ. ನನ್ನ ಕಾಯಂ ಮಾಫಿ ಇದೆಯಲ್ಲ, ಅದೊಂದೇ ಧೈರ್ಯ." ಅವಳು ನಗುತ್ತ ತೊಟ್ಟಿಯ ನೀರು ತಿರುವಿದಳು. "ಹುಡುಗ್ರು ಕಲಿತ್ರೆ ನಮಗೂ ಸ್ವಲ್ಪ ಆರಾಮ ಅಂದ್ರು ಮ್ಯಾನೇಜರು. ಹೌದಾ?"

ಹಬೆಯಕ್ಕ ಚಹಾ ಮುಗಿಸಿದಳು. ಆಮೇಲೆ ಲೋಟ ಕೆಳಗಿಟ್ಟು ಕೇಳಿದಳು: "ನಿಂಗೆ ವಾರಕ್ಕೆ ಎಷ್ಟು ಗಂಟೆ?"

"ಮೂವತ್ತಾರೋ ಏನೋ. ಯಾಕೆ?"

"ಮೂವತ್ತಕ್ಕಿಂತ ಕೆಳಗಿಳಿದ್ರೆ ನಿನ್ನ ಮಗನ ಮಾಫಿ ಹೋಗುತ್ತೆ. ಯಾರೂ ಮುಂಚೆ ಹೇಳಲ್ಲ. ನಂಗೆ ಫೀಸಿನ ಚೀಟಿ ಬಂದ್ಮೇಲೆ ಗೊತ್ತಾಯ್ತು. ನಾನು ಈ ಹುಡುಗರಿಗೆ ಕಲಿಸಿದ್ರೆ ನಿನ್ನ ಸಂಜೆ ಹೋಗುತ್ತೆ. ನಾನು ಕಲಿಸದೆ ಇದ್ರೆ ನನ್ನದು ಹೋಗುತ್ತೆ."

ಆ ಹೆಂಗಸಿನ ಕೈ ನೀರಿನೊಳಗೇ ನಿಂತಿತು. ಮುಖದ ಮೇಲೆ ಮೊದಲು ನಗು ಹಾಗೇ ಉಳಿದಿತ್ತು. ಆಮೇಲೆ ಅದು ಇಳಿದುಹೋಯಿತು.

"ಮತ್ತೆ ಬಂದಿದ್ಯಾಕೆ ನೀವು?" ಎಂದಳು, ತುಂಬ ಮೆಲ್ಲಗೆ.

"ಕಲಿಸೋದು ಮುಗಿಯೋವರೆಗೆ ನಂಗೆ ಮೂವತ್ತು ಗಂಟೆ ಅಂದಿದ್ದಾರೆ," ಎಂದಳು ಹಬೆಯಕ್ಕ. ಹೇಳಿದ ಮಾತನ್ನು ತಾನೇ ಇನ್ನೊಮ್ಮೆ ಕೇಳಿಸಿಕೊಂಡಂತೆ ಸ್ವಲ್ಪ ತಡೆದಳು. "ಮುಗಿಯೋವರೆಗೆ ಅಂತ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೊರಗೆ ಹಜಾರದಲ್ಲಿ ವಿದ್ಯಾರ್ಥಿಗಳ ಕಾಲಸಪ್ಪಳ ಕೇಳಿಸಿತು.

ಆ ಸಂಜೆ ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ನಿಂತಿದ್ದಳು. "ಕಲಿಸಿದ್ಯಾ?"

"ಕೈ ತೊಳ್ಕೊಳೋದು ಹೇಗೆ ಅಂತ ಹೇಳಿದೆ. ಅಷ್ಟರಲ್ಲಿ ಹೊತ್ತಾಯ್ತು."

ಮಗಳಿಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. "ನಿನ್ನ ಕೈಲಿ ಆಗಲ್ಲಮ್ಮ. ತಪ್ಪು ಮಾಡೋದು ನೋಡ್ಕೊಂಡು ನೀನು ಸುಮ್ನಿರ್ತೀಯಾ?"

"ಕಲೀತೀನಿ," ಎಂದಳು ತಾಯಿ, ಚಪ್ಪಲಿ ಬಿಡುತ್ತ. ಒಳಗಿನಿಂದ ಅಜ್ಜಿ ಕೆಮ್ಮಿದಳೋ ನಕ್ಕಳೋ ತಿಳಿಯಲಿಲ್ಲ.

ಕಲಿಯುವುದು ಸುಲಭವಾಗಲಿಲ್ಲ. ಇಡೀ ದಿನ ದುಡಿದು ಬಂದರೂ ಆಗದ ಆಯಾಸ ಆ ಎರಡು ಸಂಜೆಗಳಿಂದ ಆಗುತ್ತಿತ್ತು. ಹುಡುಗರು ಹೋದಮೇಲೆ ಅವಳೂ ಆ ಹೆಂಗಸೂ ಅರೆಬರೆ ತೊಳೆದದ್ದನ್ನೆಲ್ಲ ಮತ್ತೆ ತೊಳೆಯುತ್ತಿದ್ದರು, ಬಾಗಿಲು ಹಾಕಿಕೊಂಡು. ಅವಧಿ ಶುರುವಾಯಿತು; ಫೀಸಿನ ಚೀಟಿಯಲ್ಲಿ ಮಾಫಿ ಮತ್ತೆ ಕಾಣಿಸಿಕೊಂಡಿತು. ಆ ಸುದ್ದಿಯನ್ನು ಮಗಳು ಮೆಲುದನಿಯಲ್ಲಿ ಹೇಳಿದಳು, ಯಾರೂ ಹಿಗ್ಗಲಿಲ್ಲ. ಗಡಿಯಾರದಮ್ಮನ ಸಂಜೆಗಳು ಮಾತ್ರ ವಾಪಸ್ ಬರಲಿಲ್ಲ. ಒಂದು ಬೆಳಗ್ಗೆ ಅವಳು ಅಡುಗೆಯವನನ್ನು ಕರೆಯದೆ ನೇರವಾಗಿ ಕೇಳಿದಳು: "ಹಾಸ್ಟೆಲ್ ಹುಡುಗ್ರು ಹೇಗಿದ್ದಾರೆ?"

"ದಡ್ಡರು ಅಕ್ಕ."

"ಹೂಂ," ಎಂದಳು ಗಡಿಯಾರದಮ್ಮ. ತನ್ನ ಬಕೆಟ್ಟನ್ನು ತಾನೇ ಎತ್ತಿಕೊಂಡು ಹೋದಳು.

ಕೆಲವು ವಾರಗಳ ಮೇಲೆ ಮ್ಯಾನೇಜರ್ ಹಾಸ್ಟೆಲ್ಲಿಗೆ ಬಂದ. ಬಾಗಿಲ ಚೌಕಟ್ಟಿಗೆ ಒರಗಿ ಕೋಣೆಯನ್ನು ನೋಡಿದ.

"ಎಲ್ಲಿಯವರೆಗೆ ಬಂತು?"

"ಈಗ ಲೋಟಗಳು ಸಾರ್."

"ಇನ್ನೂ ಲೋಟಾನಾ? ನಿಮ್ಮ ಮಗಳು ಎರಡೇ ವಾರಕ್ಕೆ ಎಲ್ಲ ಕಲಿತಿದ್ಲು."

"ಎಲ್ಲರ ಕೈಯೂ ಒಂದೇ ಥರ ಇರುತ್ತಾ ಸಾರ್?"

ಮ್ಯಾನೇಜರ್ ಅವಳ ಮುಖವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಅವನಿಗೆ ತಿಳಿಯಿತೋ, ತಿಳಿದೂ ತಿಳಿಯದ ಹಾಗಿದ್ದನೋ. "ಬೇಗ ನೋಡಿ," ಎಂದಷ್ಟೇ ಹೇಳಿ ಹೋದ. ಮತ್ತೆ ಬರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಮಗಳ ಓದು ಮುಗಿಯಲು ಇನ್ನೂ ಎರಡು ವರ್ಷವಿತ್ತು. ತೊಟ್ಟಿಯ ಬಳಿ ನಿಂತವಳ ಮಗನದು ಇನ್ನೂ ಶುರುವೇ ಆಗಿರಲಿಲ್ಲ.

ಮೆಷಿನ್ನಿನ ಮುಂದೆ ಹೊಸ ಹುಡುಗಿಯೊಬ್ಬಳು ನಾಲಿಗೆ ಕಚ್ಚಿಕೊಂಡು ಲೋಟಗಳನ್ನು ಜೋಡಿಸುತ್ತಿದ್ದಳು. ಒಂದೊಂದನ್ನೂ ಜತನದಿಂದ, ಬಾಯಿ ಮೇಲಾಗಿ. ತೊಳೆದ ಕೊಳೆನೀರೆಲ್ಲ ಅವುಗಳಲ್ಲೇ ತುಂಬಿ ನಿಲ್ಲುವ ಹಾಗೆ. ಹಬೆಯಕ್ಕನ ಬಲಗೈ ತಾನಾಗಿ ಮುಂದೆ ಬಂತು. ಎಡಗೈಯಿಂದ ಅದರ ಮಣಿಕಟ್ಟನ್ನು ಹಿಡಿದುಕೊಂಡಳು.

"ಸರಿ ಇದ್ಯಾ ಅಕ್ಕಾ?" ಎಂದು ಹುಡುಗಿ ತಿರುಗಿ ಕೇಳಿದ್ದಕ್ಕೆ, "ಸರಿಯಾಗಿದೆ ಮಗಾ," ಎಂದಳು ಹಬೆಯಕ್ಕ. "ಹಾಗೇ ಇಡು."